ಐತೀರ್ಪು ಬರೆದವನ ಪಿಎಚ್.ಡಿ. ಪಾಠ

2024ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದ ಪುಟ್ಟ ಕೊಠಡಿಯಲ್ಲಿ ನನ್ನ ಅರ್ಧವಾರ್ಷಿಕ ಪ್ರಗತಿ ವರದಿಯನ್ನು ಮಂಡಿಸುತ್ತಿದ್ದೆ. ಎದುರಿಗೆ ಕುಳಿತಿದ್ದ ಸಂಶೋಧನಾ ಸಲಹಾ ಸಮಿತಿಯ ಮೂವರೂ ನನಗಿಂತ ಇಪ್ಪತ್ತು ವರ್ಷವಾದರೂ ಕಿರಿಯರು. ನೂರಾ ಎಂಬತ್ತು ಮುಳುಗಡೆ ಸಂತ್ರಸ್ತ ಕುಟುಂಬಗಳನ್ನು ಸ್ವತಃ ಭೇಟಿ ಮಾಡಿ ಸಂಗ್ರಹಿಸಿದ ಮಾಹಿತಿ, ಅದನ್ನು ಆಧರಿಸಿದ ಕೋಷ್ಟಕಗಳು, ಎಲ್ಲವನ್ನೂ ಒಪ್ಪಿಸಿ ಕುಳಿತೆ. ಅವರಲ್ಲಿ ತೀರಾ ಕಿರಿಯರಾದ ಸಹಾಯಕ ಪ್ರಾಧ್ಯಾಪಕರೊಬ್ಬರು ಸಂಕೋಚದಿಂದಲೇ ಕೇಳಿದರು: ‘ಸರ್, ಈ ಜಮೀನುಗಳಿಗೆ ಐತೀರ್ಪು ಬರೆದವರು ನೀವೇ ಅಲ್ಲವೇ? ನಿಮ್ಮ ಎದುರಿಗೆ ಇವರು ನಿಜ ಹೇಳಿರುತ್ತಾರೆಯೇ?’

ಮೂವತ್ತನಾಲ್ಕು ವರ್ಷಗಳ ಸರ್ಕಾರಿ ಸೇವೆಯಲ್ಲಿ ಲೆಕ್ಕಪರಿಶೋಧಕರ ಎದುರು, ಶಾಸಕಾಂಗ ಸಮಿತಿಗಳ ಎದುರು, ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಉತ್ತರ ಹೇಳಿ ಪಳಗಿದ್ದ ನನಗೆ ಅಂದು ಮಾತು ಹೊರಡಲಿಲ್ಲ. ‘ಪರಿಶೀಲಿಸುತ್ತೇನೆ’ ಎಂದೆ. ಕಡತದ ಮೇಲೆ ಬರೆದು ಅಭ್ಯಾಸವಾಗಿದ್ದ ಪದ ಅದು.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದ್ದು 1981ರಲ್ಲಿ. ಮುಂದೆ ಸಂಶೋಧನೆ ಮಾಡಬೇಕೆಂಬ ಆಸೆಯೇನೋ ಇತ್ತು. ಮನೆಯ ಪರಿಸ್ಥಿತಿ ಬೇರೆಯಾಗಿತ್ತು. ಕೆಲಕಾಲ ಕಾಲೇಜೊಂದರಲ್ಲಿ ಪಾಠ ಹೇಳಿ, 1985ರಲ್ಲಿ ಸರ್ಕಾರಿ ಸೇವೆಗೆ ಸೇರಿ, 2019ರಲ್ಲಿ ನಿವೃತ್ತನಾದೆ. ಎರಡು ವರ್ಷ ನಾಗರಭಾವಿಯ ಐಸೆಕ್ ಗ್ರಂಥಾಲಯದಲ್ಲಿ ಹಳೆಯ ಓದನ್ನು ಕುದುರಿಸಿಕೊಂಡು, ಪ್ರವೇಶ ಪರೀಕ್ಷೆ ಬರೆದು, 2021ರಲ್ಲಿ ಅರೆಕಾಲಿಕ ಸಂಶೋಧನಾರ್ಥಿಯಾಗಿ ನೋಂದಾಯಿಸಿಕೊಂಡಾಗ ನನಗೆ ಅರವತ್ತೆರಡು. ಬೆಳಗಿನ ವಾಯುವಿಹಾರದ ಗೆಳೆಯರು, ‘ಗೌರವ ಡಾಕ್ಟರೇಟಿಗೇ ಪ್ರಯತ್ನಿಸಬಹುದಿತ್ತಲ್ಲ, ಇಷ್ಟೊಂದು ಓದುವ ರಗಳೆ ಇರುತ್ತಿರಲಿಲ್ಲ’ ಎಂದು ಚೇಷ್ಟೆ ಮಾಡಿದರು. ನನ್ನ ಮಾರ್ಗದರ್ಶಕಿಗೆ ನಲವತ್ತೆರಡು ವರ್ಷ. ನಾನು ಅವರನ್ನು ಮೇಡಂ ಎನ್ನುತ್ತೇನೆ, ಅವರು ನನ್ನನ್ನು ಸರ್ ಎನ್ನುತ್ತಾರೆ. ಅಧ್ಯಾಯಗಳನ್ನು ತಿದ್ದುವಾಗ ಮಾತ್ರ ಈ ಸೌಜನ್ಯ ಅವರ ಕೆಂಪು ಶಾಯಿಗೆ ಅಡ್ಡಬರುವುದಿಲ್ಲ.

ಈ ವಯಸ್ಸಿನಲ್ಲಿ ಬಡ್ತಿಯ ಆಸೆಯಾಗಲಿ ವೇತನದ ಹಂಬಲವಾಗಲಿ ಇಲ್ಲ. ನನ್ನನ್ನು ಕಾಡುತ್ತಿದ್ದುದು ಒಂದೇ ಪ್ರಶ್ನೆ. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಕೃಷ್ಣಾ ಕೊಳ್ಳದ ಒಂದು ಜಲಾಶಯಕ್ಕಾಗಿ ನಾನು ವಿಶೇಷ ಭೂಸ್ವಾಧೀನಾಧಿಕಾರಿಯಾಗಿದ್ದೆ. ಮುಳುಗುವ ಜಮೀನಿಗೆ ಇಷ್ಟು ಪರಿಹಾರ ಎಂದು ನಿಗದಿ ಮಾಡುವ ಆದೇಶಕ್ಕೆ ಕಚೇರಿಯ ಭಾಷೆಯಲ್ಲಿ ಐತೀರ್ಪು ಎಂದು ಹೆಸರು. ಅಂಥ ನೂರಾರು ಐತೀರ್ಪುಗಳಿಗೆ ಸಹಿ ಹಾಕಿದವನು ನಾನು. ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ಆದರೆ ಹತ್ತು ವರ್ಷಗಳ ನಂತರ ಬೇರೆ ಹುದ್ದೆಯಲ್ಲಿದ್ದಾಗ ಆ ಭಾಗದ ಪುನರ್ವಸತಿ ಕೇಂದ್ರವೊಂದಕ್ಕೆ ಹೋದೆ. ಎಂಟು ಎಕರೆ ಜಮೀನಿಗೆ ನನ್ನ ಕೈಯಿಂದಲೇ ಚೆಕ್ ಪಡೆದಿದ್ದ ರೈತನೊಬ್ಬ ಅದೇ ಊರಿನ ಬಸ್ ನಿಲ್ದಾಣದಲ್ಲಿ ಚಹಾದ ಲೋಟ ತೊಳೆಯುತ್ತಿದ್ದುದನ್ನು ಕಂಡೆ. ಲೆಕ್ಕ ಸರಿಯಿದ್ದರೆ ಈತ ಇಲ್ಲಿಗೆ ಬಂದುದು ಹೇಗೆ?

ಅಂದು ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದರ 4(1)ನೇ ಕಲಂ ಪ್ರಕಾರ ಅಧಿಸೂಚನೆ ಹೊರಬಿದ್ದ ದಿನದ ಮಾರುಕಟ್ಟೆ ಬೆಲೆಯೇ ಪರಿಹಾರದ ತಳಹದಿ. ಅದರ ಮೇಲೆ ಶೇ 30ರಷ್ಟು ಸೊಲೇಷಿಯಂ, ಅಂದರೆ ಸಾಂತ್ವನದ ಹಣ. ಅಧಿಸೂಚನೆಯ ದಿನದಿಂದ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ. ಮಾರುಕಟ್ಟೆ ಬೆಲೆಯನ್ನು ನಾವು ತಿಳಿಯುತ್ತಿದ್ದುದು ಉಪನೋಂದಣಿ ಕಚೇರಿಯ ಹಿಂದಿನ ಕೆಲವು ವರ್ಷಗಳ ಕ್ರಯಪತ್ರಗಳಿಂದ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರಗಳಲ್ಲಿ ಬೆಲೆಯನ್ನು ಕಡಿಮೆ ತೋರಿಸುವುದು ನಮ್ಮಲ್ಲಿ ಯಾರಿಗೂ ಗುಟ್ಟಾದ ಸಂಗತಿಯೇನೂ ಆಗಿರಲಿಲ್ಲ. ಅದಕ್ಕಿಂತ ದೊಡ್ಡ ದೋಷ ಬೇರೆಯೇ ಇತ್ತು. ಎಂದೋ ಒಂದು ದಿನ ನೀರಿನಲ್ಲಿ ಮುಳುಗಲಿದೆ ಎಂದು ದಶಕಗಳಿಂದ ಸುದ್ದಿಯಿರುವ ಊರಿನಲ್ಲಿ ಭೂಮಿಯನ್ನು ಕೊಳ್ಳುವವರಾದರೂ ಯಾರು? ತೀರಾ ಗತಿಗೆಟ್ಟವನು ಮಾರುತ್ತಿದ್ದ, ಧೈರ್ಯವಿದ್ದವನು ಅಗ್ಗಕ್ಕೆ ಕೊಳ್ಳುತ್ತಿದ್ದ. ಆ ನಾಲ್ಕಾರು ಪತ್ರಗಳ ಬೆಲೆಯೇ ನಮ್ಮ ಪಾಲಿಗೆ ಮಾರುಕಟ್ಟೆಯಾಯಿತು. ಯೋಜನೆಯ ನೆರಳು ಬೆಲೆಯನ್ನು ಮೊದಲೇ ಕುಗ್ಗಿಸಿತ್ತು. ಕುಗ್ಗಿದ ಬೆಲೆಯನ್ನು ನಾವು ನ್ಯಾಯವಾದ ಬೆಲೆಯೆಂದು ಬರೆದೆವು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಸಂಶೋಧನೆಗೆ ತೊಡಗಿದ ಮೇಲೆ. ಚೆಕ್‌ಗಳನ್ನು ನಾವು ಹಳ್ಳಿಗಳ ಗುಂಪಿಗೆ ಒಮ್ಮೆಗೇ ವಿತರಿಸುತ್ತಿದ್ದೆವು. ವಿತರಣೆ ತ್ವರಿತವಾದಷ್ಟೂ ಮೇಲಧಿಕಾರಿಗಳಿಂದ ಶ್ಲಾಘನೆ. ಆದರೆ ಹಣ ಕೈಗೆ ಬಂದ ಆ ಎಲ್ಲ ರೈತರೂ ಏಕಕಾಲಕ್ಕೆ ಸುತ್ತಲಿನ ಮುಳುಗಡೆಯಾಗದ ಊರುಗಳಿಗೆ ಜಮೀನು ಹುಡುಕಿ ಹೊರಟರು. ಕೊಳ್ಳುವವರು ಸಾವಿರಾರು, ಮಾರುವವರು ಬೆರಳೆಣಿಕೆಯಷ್ಟು. ಆರು ತಿಂಗಳಲ್ಲಿ ಅಲ್ಲಿನ ಎಕರೆಯ ದರ ಎಲ್ಲಿಂದ ಎಲ್ಲಿಗೋ ಹೋಯಿತು. ಎಂಟು ಎಕರೆ ಕಳೆದುಕೊಂಡವನಿಗೆ ಮೂರು ಎಕರೆ ದಕ್ಕಿದರೆ ಹೆಚ್ಚು. ಬೇಡಿಕೆ ಮತ್ತು ಪೂರೈಕೆಯ ಪಾಠವನ್ನು ಬಿ.ಎ. ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದ ನನಗೆ ಚೆಕ್ ಹಂಚುವಾಗ ಅದು ನೆನಪಾಗಲಿಲ್ಲ. ಹಳೆಯ ಕಾಯ್ದೆಯ ಜಾಗದಲ್ಲಿ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಸೊಲೇಷಿಯಂ ಅನ್ನು ಶೇ 100ಕ್ಕೆ ಏರಿಸಿದೆ, ಗ್ರಾಮೀಣ ಭೂಮಿಯ ಬೆಲೆಯನ್ನು ಎರಡರವರೆಗಿನ ಗುಣಕದಿಂದ ಹಿಗ್ಗಿಸಿದೆ. ಒಳ್ಳೆಯದೇ. ಆದರೂ ತಳದಲ್ಲಿ ಇರುವುದು ಬಹುಮಟ್ಟಿಗೆ ಅದೇ ಕ್ರಯಪತ್ರ.

ಕಚೇರಿಯೊಳಗಿನ ಇಂಥ ತೊಡಕು ಪಿಎಚ್.ಡಿ.ಗೆ ತಕ್ಕ ವಸ್ತುವೇ ಎಂಬ ಅಳುಕು ನನಗಿತ್ತು. ಅದನ್ನು ಹೋಗಲಾಡಿಸಿದ್ದು ಹರ್ಬರ್ಟ್ ಸೈಮನ್ ಅವರ ಕಥೆ. 1935ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಸೈಮನ್ ತಮ್ಮ ಹುಟ್ಟೂರಾದ ಅಮೆರಿಕದ ಮಿಲ್ವಾಕಿಯಲ್ಲಿ ನಗರದ ಆಟದ ಮೈದಾನಗಳ ಆಡಳಿತವನ್ನು ನೋಡಲು ಹೋದರು. ಮೈದಾನದ ನಿರ್ವಹಣೆ ಒಂದು ಇಲಾಖೆಯದು, ಮಕ್ಕಳನ್ನು ಆಡಿಸುವ ಮೇಲ್ವಿಚಾರಣೆ ಶಾಲಾ ಮಂಡಳಿಯದು. ಇರುವ ಹಣವನ್ನು ಈ ಎರಡರ ನಡುವೆ ಹೇಗೆ ಹಂಚಬೇಕು? ಸೀಮಾಂತ ಪ್ರತಿಫಲಗಳು ಸಮನಾಗುವಂತೆ ಹಂಚಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. ಅಲ್ಲಿನ ಅಧಿಕಾರಿಗಳಲ್ಲಿ ಯಾರೂ ಹಾಗೆ ಯೋಚಿಸುತ್ತಲೇ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಇಲಾಖೆಯ ಕಿಟಕಿಯಿಂದ ಕಂಡಷ್ಟನ್ನೇ ನೋಡುತ್ತಿದ್ದರು. ಈ ಪ್ರಶ್ನೆಯನ್ನು ಬೆನ್ನಟ್ಟಿದ ಸೈಮನ್ 1943ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆ ಪ್ರಬಂಧವೇ 1947ರಲ್ಲಿ ಆಡಳಿತಾತ್ಮಕ ನಡವಳಿಕೆಯನ್ನು ಕುರಿತ ಪ್ರಸಿದ್ಧ ಗ್ರಂಥವಾಯಿತು. ಮನುಷ್ಯನ ವಿವೇಚನೆಗೆ ಮಿತಿಯುಂಟು, ಆತ ಅತ್ಯುತ್ತಮವಾದುದನ್ನು ಹುಡುಕುತ್ತ ಕೂರದೆ ಸಾಕೆನಿಸಿದಲ್ಲಿ ನಿಲ್ಲುತ್ತಾನೆ ಎಂಬ ವಿಚಾರಕ್ಕೆ ಅಲ್ಲಿಯೇ ಬೇರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮ್ಯಾನೇಜ್‌ಮೆಂಟ್ ಶಾಸ್ತ್ರದವರೂ ಅವರನ್ನು ತಮ್ಮವರೆಂದೇ ಎಣಿಸುತ್ತಾರೆ. ಅದನ್ನು ಓದುವಾಗ ನನಗೆ ಕಂಡದ್ದು ನನ್ನದೇ ಹಳೆಯ ಕಚೇರಿ: ಚೆಕ್ ಹಂಚುವ ನಾನು, ನಿವೇಶನ ಹಂಚುವ ಪಕ್ಕದ ಕೋಣೆಯ ಪುನರ್ವಸತಿ ಅಧಿಕಾರಿ, ಇಬ್ಬರ ನಡುವೆ ಒಂದೇ ಒಂದು ಗೋಡೆ.

ಕೋರ್ಸ್‌ವರ್ಕ್ ಎಂಬ ಆರು ತಿಂಗಳ ಪಾಠದಲ್ಲಿ ಅರ್ಥಶಾಸ್ತ್ರದವರನ್ನೂ ಮ್ಯಾನೇಜ್‌ಮೆಂಟ್‌ನವರನ್ನೂ ಒಟ್ಟಿಗೆ ಕೂರಿಸಿದ್ದರು. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಜೊತೆಗೆ 2019ರ ಡಿಸೆಂಬರ್‌ನಲ್ಲಿ ಯುಜಿಸಿ ಕಡ್ಡಾಯಗೊಳಿಸಿದ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ ಮೂವತ್ತು ಗಂಟೆಗಳ ಪಾಠ. ಎರಡು ಕುಲಗಳ ನಡುವಿನ ವ್ಯತ್ಯಾಸ ಮೊದಲ ವಾರವೇ ಕಂಡಿತು. ಅರ್ಥಶಾಸ್ತ್ರದ ಹುಡುಗರು ಸರ್ಕಾರಿ ಅಂಕಿ ಅಂಶಗಳನ್ನು ಇಳಿಸಿಕೊಂಡು ಸಮೀಕರಣಗಳಲ್ಲಿ ಮುಳುಗುತ್ತಾರೆ. ಊರಿಗೆ ಹೋಗುವ ಮಾತೆತ್ತಿದರೆ ಹಿಂಜರಿಯುತ್ತಾರೆ. ಮ್ಯಾನೇಜ್‌ಮೆಂಟ್‌ನವರದು ಪ್ರಶ್ನಾವಳಿಯ ಲೋಕ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ ಎಂಬ ಐದು ಮೆಟ್ಟಿಲುಗಳಲ್ಲಿ ಜಗತ್ತಿನ ಸಕಲ ಭಾವನೆಗಳನ್ನೂ ಅಳೆಯುತ್ತಾರೆ. ಈ ಅಳತೆಗೋಲು ಕೂಡ ಹುಟ್ಟಿದ್ದು ಒಂದು ಪಿಎಚ್.ಡಿ. ಪ್ರಬಂಧದಲ್ಲಿಯೇ: ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ್ದು. ನಾನೂ ಅದರ ಮೋಹಕ್ಕೆ ಒಳಗಾಗಿ, ‘ಪರಿಹಾರ ವಿತರಣೆಯ ಪ್ರಕ್ರಿಯೆ ತೃಪ್ತಿಕರವಾಗಿತ್ತು’ ಎಂಬ ವಾಕ್ಯವನ್ನು ಬರೆದುಕೊಂಡು ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಸಾವಧಾನವಾಗಿ ಕೇಳಿಸಿಕೊಂಡು, ‘ಸಾಹೇಬ್ರ, ಅವತ್ತು ಚೆಕ್ ಕೊಟ್ಟಾವ್ರೂ ನೀವ, ಇವತ್ತು ಸಮಾಧಾನ ಐತೇನಂತ ಕೇಳಾವ್ರೂ ನೀವ. ಏನಂತ ಹೇಳೂನ್ರೀ?’ ಎಂದರು. ನಾನು ‘ಹೇಳಲಾರೆ’ ಎಂಬ ಮನೆಗೆ ಗುರುತು ಹಾಕಿದೆ. ಯುವ ಪ್ರಾಧ್ಯಾಪಕರ ಪ್ರಶ್ನೆಯನ್ನು ಆ ಅಜ್ಜ ಎರಡು ವರ್ಷ ಮೊದಲೇ ಕೇಳಿದ್ದರು. ನನಗೆ ಅರ್ಥವಾಗಿರಲಿಲ್ಲ, ಅಷ್ಟೆ.

ಹಾಗೆಂದು ಹಳ್ಳಿಗೆ ಹೋಗದೆಯೂ ಪ್ರಬಂಧ ಬರೆಯಬಹುದು ಎಂಬುದನ್ನೂ ಕಂಡೆ. ಸ್ವಸಹಾಯ ಸಂಘಗಳ ನಿರ್ವಹಣೆಯನ್ನು ಕುರಿತ, ಈಗಾಗಲೇ ಪದವಿ ಪಡೆದಿರುವ ಮಹಾಪ್ರಬಂಧವೊಂದು ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿತು. ಆಯ್ದ ಹಳ್ಳಿಗಳಲ್ಲಿ ನಾನು ಸ್ವಾಧೀನಪಡಿಸಿಕೊಂಡ ಊರೂ ಒಂದಿತ್ತು. ‘ನದಿಯ ದಂಡೆಯ ಮೇಲೆ ಫಲವತ್ತಾದ ಕಪ್ಪು ಮಣ್ಣಿನ ನಡುವೆ ನೆಲೆಸಿರುವ ಗ್ರಾಮ’ ಎಂಬ ವರ್ಣನೆ. ಆ ಊರು ನೀರಿನಡಿ ಸೇರಿ ಅಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು. ಅದೇ ಹೆಸರಿನ ಪುನರ್ವಸತಿ ಕೇಂದ್ರ ಇರುವುದು ಮೈಲುಗಟ್ಟಲೆ ದೂರದ ಕಲ್ಲು ಗುಡ್ಡದ ಮೇಲೆ. ಯಾವುದೋ ಹಳೆಯ ಪುಸ್ತಕದಿಂದ ಊರನ್ನು ಎತ್ತಿಕೊಂಡಿದ್ದಾರೆ. ಇನ್ನು ಅಲ್ಲಿನ ಮಹಿಳೆಯರ ಉತ್ತರಗಳನ್ನು ಎಲ್ಲಿಂದ ಎತ್ತಿಕೊಂಡರೋ! ಯುಜಿಸಿಯ 2018ರ ನಿಯಮಗಳ ಪ್ರಕಾರ ಸಾಮ್ಯತೆ ಶೇ 10ರ ಒಳಗಿದ್ದರೆ ದಂಡವಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದು. ನಕಲನ್ನು ಹಿಡಿಯುವ ತಂತ್ರಾಂಶ ಪ್ರತಿ ವಿಶ್ವವಿದ್ಯಾಲಯದಲ್ಲೂ ಇದೆ. ಆದರೆ ಕುಳಿತಲ್ಲಿಯೇ ತುಂಬಿದ ಪ್ರಶ್ನಾವಳಿ ಯಾವುದರ ನಕಲೂ ಅಲ್ಲವಾದ್ದರಿಂದ ಆ ಪರೀಕ್ಷೆಯಲ್ಲಿ ನಿರಾತಂಕವಾಗಿ ಪಾಸಾಗುತ್ತದೆ. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಅದನ್ನು ತುಂಬುವ ಶ್ರಮವೂ ಉಳಿದಿಲ್ಲ.

ಸಂಶೋಧನಾರ್ಥಿಗಳನ್ನೇ ದೂರಿ ಪ್ರಯೋಜನವಿಲ್ಲ. ನನ್ನ ಸಹಪಾಠಿಯಾಗಿದ್ದ ಖಾಸಗಿ ಮ್ಯಾನೇಜ್‌ಮೆಂಟ್ ಕಾಲೇಜಿನ ಉಪನ್ಯಾಸಕಿಯೊಬ್ಬರು ವಾರಕ್ಕೆ ಇಪ್ಪತ್ತು ತಾಸು ಪಾಠ ಮಾಡಿ, ಪ್ರವೇಶಾತಿಯ ಕಾಲದಲ್ಲಿ ಮನೆಮನೆಗೆ ಹೋಗಿ ವಿದ್ಯಾರ್ಥಿಗಳನ್ನೂ ಕರೆತಂದು, ರಾತ್ರಿ ಹತ್ತರ ಮೇಲೆ ಓದಲು ಕೂರುತ್ತಿದ್ದರು. ಜೆಆರ್‌ಎಫ್ ಪಡೆದ ಪೂರ್ಣಾವಧಿ ವಿದ್ಯಾರ್ಥಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಉಂಟು, ಈಕೆಗೆ ಬಿಡಿಗಾಸಿಲ್ಲ. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರ ಜುಲೈನಿಂದ ಪಿಎಚ್.ಡಿ. ಕಡ್ಡಾಯ ಎಂದು ಯುಜಿಸಿ 2018ರಲ್ಲಿ ಹೇಳಿತು, ನಂತರ ಗಡುವನ್ನು ಎರಡು ವರ್ಷ ಮುಂದೂಡಿತು, 2023ರ ಜುಲೈನಲ್ಲಿ ಕಡ್ಡಾಯವನ್ನೇ ತೆಗೆದು ನೆಟ್ ಅಥವಾ ಸೆಟ್ ಸಾಕೆಂದಿತು. ಈ ನಡುವೆ ಆತಂಕದಿಂದ ನೋಂದಾಯಿಸಿಕೊಂಡವರ ಗತಿಯೇನು? ಪ್ರಕಟಣೆಯ ಕಥೆಯೂ ಹೀಗೆಯೇ. ಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕೆಂಬ 2016ರ ನಿಯಮವು ಹಣ ಪಡೆದು ಅಚ್ಚು ಹಾಕುವ ನಿಯತಕಾಲಿಕಗಳ ಸುಗ್ಗಿಗೆ ಕಾರಣವಾಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ಕಿತ್ತುಹಾಕಬೇಕಾಯಿತು. 2022ರ ನವೆಂಬರ್‌ನ ಹೊಸ ನಿಯಮಗಳಲ್ಲಿ ಆ ಷರತ್ತು ಇಲ್ಲ, ಎಂ.ಫಿಲ್. ಪದವಿಯೂ ಇಲ್ಲ. ಹಳೆಯ ನಿಯಮದಡಿ ಬಂದ ನನ್ನಂಥವರಿಗೆ ಮಾತ್ರ ‘ನಾಲ್ಕು ದಿನದಲ್ಲಿ ಪ್ರಕಟಣೆ’ ಎಂಬ ಮಿಂಚಂಚೆಗಳು ಇಂದಿಗೂ ತಪ್ಪಿಲ್ಲ.

ಐಐಎಂಗಳಿಗೆ 2017ರ ಕಾಯ್ದೆ ಬರುವವರೆಗೆ ಪದವಿ ನೀಡುವ ಅಧಿಕಾರವೇ ಇರಲಿಲ್ಲ. ಅಲ್ಲಿ ನಾಲ್ಕೈದು ವರ್ಷ ಸಂಶೋಧನೆ ಮಾಡಿದವರು ‘ಫೆಲೋ’ ಎನಿಸಿಕೊಂಡು ಹೊರಬರುತ್ತಿದ್ದರು. ಅವರಲ್ಲಿ ಅನೇಕರು ಮುಂದೆ ದೊಡ್ಡ ವಿದ್ವಾಂಸರಾದರು. ಹೆಸರಿನ ಮುಂದೆ ಏನಿದೆ ಎಂಬ ಚಿಂತೆಯಲ್ಲಿ ಬೇಯುವವರಿಗೆ ಈ ಸಂಗತಿಯನ್ನು ನಾನು ಆಗಾಗ ಹೇಳುವುದುಂಟು. ಯಾರೂ ಅಷ್ಟಾಗಿ ಕಿವಿಗೊಡುವುದಿಲ್ಲ.

ಸಮಿತಿಯ ಪ್ರಶ್ನೆಗೆ ಮರಳುತ್ತೇನೆ. ಮೇಡಂ ಒಂದು ಉಪಾಯ ಸೂಚಿಸಿದರು. ನೂರಾ ಎಂಬತ್ತರಲ್ಲಿ ಮೂವತ್ತು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಅದೇ ಪ್ರಶ್ನೆಗಳನ್ನು ಬೇರೊಬ್ಬರಿಂದ ಕೇಳಿಸುವುದು. ಪಕ್ಕದ ತಾಲ್ಲೂಕಿನ, ಆಗಷ್ಟೇ ಎಂ.ಎ. ಮುಗಿಸಿದ್ದ ಯುವತಿಯೊಬ್ಬಳು ಆ ಕೆಲಸ ಒಪ್ಪಿಕೊಂಡಳು. ನಾನು ಊರೊಳಗೆ ಕಾಲಿಡಕೂಡದು, ನನ್ನ ಹೆಸರು ಎತ್ತಕೂಡದು ಎಂಬುದು ಕರಾರು. ಇಪ್ಪತ್ತು ದಿನಗಳ ನಂತರ ಆಕೆ ತಂದ ಹಾಳೆಗಳನ್ನು ನನ್ನ ಹಾಳೆಗಳ ಪಕ್ಕದಲ್ಲಿಟ್ಟು ನೋಡಿದೆ.

ಪರಿಹಾರ ಪಡೆಯಲು ಯಾರಿಗಾದರೂ ಹಣ ಕೊಡಬೇಕಾಯಿತೇ ಎಂಬ ಪ್ರಶ್ನೆಗೆ ನನ್ನ ಹಾಳೆಗಳಲ್ಲಿ ಒಂದೇ ಉತ್ತರ: ಇಲ್ಲ. ಆಕೆಯ ಹಾಳೆಗಳಲ್ಲಿ ದಲ್ಲಾಳಿಯ ದರ, ವಕೀಲರ ಪಾಲು, ಉತಾರ ತೆಗೆಸಲು ಕೊಟ್ಟದ್ದು, ಚೆಕ್ ಜಮೆ ಮಾಡಿಸಲು ಕೊಟ್ಟದ್ದು ಎಲ್ಲವೂ ಬಿಡಿಬಿಡಿಯಾಗಿತ್ತು. ಹಣವನ್ನು ಏನು ಮಾಡಿದಿರಿ ಎಂದು ನಾನು ಕೇಳಿದಾಗ ‘ಹೊಲ ತಗೊಂಡ್ವಿ’ ಎಂದಿದ್ದ ಮನೆಗಳಲ್ಲಿ ಕೆಲವು ಹೊಲ ಕೊಂಡು ಎರಡೇ ವರ್ಷಗಳಲ್ಲಿ ಮಾರಿದ್ದವು. ಮಾರಿದ್ದನ್ನು ನನಗೆ ಹೇಳಿರಲಿಲ್ಲ. ಖಾತೆಯಲ್ಲಿ ಹೆಸರಿಲ್ಲದ ವಿಧವೆಯರು, ಅಕ್ಕತಂಗಿಯರು ನನ್ನೆದುರು ಬಾಗಿಲ ಹಿಂದೆಯೇ ಉಳಿದಿದ್ದರು. ಆ ಹುಡುಗಿಯೊಡನೆ ಅಡುಗೆಮನೆಯಲ್ಲಿ ಕುಳಿತು ಮಾತನಾಡಿದ್ದರು. ಒಬ್ಬ ಅಜ್ಜಿಯ ಮಾತನ್ನು ಆಕೆ ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದಳು: ‘ಆ ಸಾಹೇಬ ಚಲೋ ಮನಷ್ಯಾ. ಆದ್ರ ಅವನ ಬಾಗಲಾ ಮುಟ್ಟಬೇಕಂದ್ರ ಮೂರ ಕಡೆ ರೊಕ್ಕಾ ಕೊಡಬೇಕಿತ್ತವಾ.’

ನಾನು ಲಂಚ ಮುಟ್ಟಿದವನಲ್ಲ. ಇದನ್ನು ಹೇಳಿಕೊಳ್ಳುವುದೂ ಸಣ್ಣತನವೇ, ಆದರೂ ಸೇವೆಯುದ್ದಕ್ಕೂ ನನ್ನ ಆಸರೆಯಾಗಿದ್ದುದು ಅದೇ. ನನ್ನ ಬಾಗಿಲಿನಿಂದಾಚೆಗಿನ ಮೂರು ಮೇಜುಗಳನ್ನು ನಾನು ನೋಡಲಿಲ್ಲ. ನೋಡಿದ್ದರೆ ವಿತರಣೆ ತಡವಾಗುತ್ತಿತ್ತು. ತಡವಾದರೆ ವಿವರಣೆ ಕೇಳುತ್ತಿದ್ದರು. ಸಾಕೆನಿಸಿದಲ್ಲಿ ನಿಲ್ಲುತ್ತಾನೆ ಎಂದು ಸೈಮನ್ ಬರೆದ ಆಡಳಿತಗಾರ ನಾನೇ ಆಗಿದ್ದೆ.

ಎರಡೂವರೆ ವರ್ಷದ ಕ್ಷೇತ್ರಕಾರ್ಯವನ್ನು ಬದಿಗಿರಿಸಿ ಮತ್ತೆ ಮೊದಲಿನಿಂದ ಆರಂಭಿಸುವುದೇ ಅಥವಾ ಮೂವತ್ತು ಮನೆಗಳ ಸಂಗತಿಯನ್ನು ‘ಅಧ್ಯಯನದ ಮಿತಿಗಳು’ ಎಂಬ ಶೀರ್ಷಿಕೆಯಡಿ ಎರಡು ಸಾಲಿನಲ್ಲಿ ಮುಗಿಸುವುದೇ? ಎರಡನೆಯದಕ್ಕೆ ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ಹಿತೈಷಿಗಳು ಅದನ್ನೇ ಹೇಳಿದರು. ಆರು ವರ್ಷಗಳ ಗರಿಷ್ಠ ಅವಧಿ 2027ಕ್ಕೆ ಮುಗಿಯುತ್ತದೆ. ಮಂಡಿನೋವು ಅದಕ್ಕಿಂತ ಮೊದಲೇ ಎಚ್ಚರಿಸುತ್ತದೆ. ಆ ದಿನಗಳಲ್ಲಿ ನಾನು ಅಂಬೇಡ್ಕರ್ ಅವರ ರೂಪಾಯಿಯ ಸಮಸ್ಯೆಯ ಕುರಿತ ಪ್ರಬಂಧವನ್ನು ಓದುತ್ತಿದ್ದೆ. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬಂದವರು, 1920ರಲ್ಲಿ ಮತ್ತೆ ಹೋಗಿ, ಪರೀಕ್ಷಕರ ಆಕ್ಷೇಪದ ನಂತರ ತಿದ್ದಿ ಸಲ್ಲಿಸಿ, 1923ರಲ್ಲಿ ಡಿ.ಎಸ್ಸಿ. ಪಡೆದರು. ಅವರೊಡನೆ ಹೋಲಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ಪಿಂಚಣಿಯಿರುವವನು ಪುನಃ ಬರೆಯಲು ಗೊಣಗಬಾರದು ಎನಿಸಿತು, ಅಷ್ಟೆ. ಮೇಡಂಗೆ ಫೋನು ಮಾಡಿ ಹೇಳಿದೆ. ‘ನಾನೇ ಹೇಳಬೇಕೆಂದಿದ್ದೆ ಸರ್, ಧೈರ್ಯ ಬರಲಿಲ್ಲ’ ಎಂದರು.

ಈಗ ಆ ಯುವತಿ ಮತ್ತು ಅವಳ ಗೆಳತಿ ಉಳಿದ ಮನೆಗಳ ಸಂದರ್ಶನ ನಡೆಸುತ್ತಿದ್ದಾರೆ. ನನ್ನ ಹಳೆಯ ಹಾಳೆಗಳನ್ನೂ ಎಸೆದಿಲ್ಲ. ಅಧಿಕಾರಿಯೆದುರು ಜನ ಏನು ಹೇಳುತ್ತಾರೆ, ಏನನ್ನು ಹೇಳುವುದಿಲ್ಲ ಎಂಬುದೇ ಒಂದು ಅಧ್ಯಾಯವಾಗಲಿದೆ. ಆದರೆ ಇನ್ನೊಂದು ಕೊರತೆ ಹಾಗೆಯೇ ಉಳಿದಿದೆ. ನನ್ನ ಮಾದರಿಯನ್ನು ಆರಿಸಿಕೊಂಡದ್ದು ಪುನರ್ವಸತಿ ಕೇಂದ್ರಗಳಲ್ಲಿ ಇಂದು ವಾಸವಾಗಿರುವವರ ಪಟ್ಟಿಯಿಂದ. ಊರು ಬಿಟ್ಟೇ ಹೋದವರು ಅದರಲ್ಲಿ ಇಲ್ಲ. ಕಣ್ಣಿಗೆ ಬಿದ್ದವರನ್ನಷ್ಟೇ ಎಣಿಸಿದರೆ ಲೆಕ್ಕ ಹೇಗೆ ಓರೆಯಾಗುತ್ತದೆ ಎಂದು ತೋರಿಸಿ, ಅದನ್ನು ಸರಿಪಡಿಸುವ ವಿಧಾನ ರೂಪಿಸಿದ್ದಕ್ಕಾಗಿಯೇ ಜೇಮ್ಸ್ ಹೆಕ್‌ಮನ್ 2000ನೇ ಇಸವಿಯ ನೊಬೆಲ್ ಹಂಚಿಕೊಂಡರು. ಆದರೆ ಅವರ ಸಮೀಕರಣಕ್ಕೂ ಹೋದವರ ಬಗ್ಗೆ ಒಂದಿಷ್ಟಾದರೂ ಮಾಹಿತಿ ಬೇಕು. 1894ರ ಕಾಯ್ದೆಯ 18ನೇ ಕಲಂ ಅಡಿ ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋದವರ ಕಾಗದಪತ್ರಗಳು ಇಂದಿಗೂ ಸಿಗುತ್ತವೆ. ಅವಧಿ ಮೀರಿ ಕೈಚೆಲ್ಲಿದವರ, 28-ಎ ಕಲಂನ ಅನುಕೂಲವಿದೆ ಎಂಬುದೇ ಗೊತ್ತಿಲ್ಲದವರ ಗುರುತು ಉಳಿದಿರುವುದು ನನ್ನ ಐತೀರ್ಪಿನ ಅನುಬಂಧದಲ್ಲಿ ಮಾತ್ರ: ಸರ್ವೆ ನಂಬರು, ಖಾತೇದಾರನ ಹೆಸರು, ಮೊತ್ತ, ಹೆಬ್ಬೆಟ್ಟು.

ಆ ಅನುಬಂಧವನ್ನು ಹಿಡಿದು ಊರಿನವರನ್ನು ವಿಚಾರಿಸುತ್ತ ಹನ್ನೊಂದು ಫೋನ್ ನಂಬರುಗಳನ್ನು ಕಲೆಹಾಕಿದ್ದೇವೆ. ಹೆಚ್ಚಿನವರು ಗೋವಾದ ವಾಸ್ಕೋದಲ್ಲಿದ್ದಾರೆ, ಇಬ್ಬರು ಮಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ಮೂವರು ಮಾತ್ರ ಕರೆ ಸ್ವೀಕರಿಸಿದರು. ಚಹಾದ ಲೋಟ ತೊಳೆಯುತ್ತಿದ್ದ ರೈತನ ಮಗ ಅವರಲ್ಲೊಬ್ಬ. ತಂದೆ ತೀರಿಕೊಂಡು ಆರು ವರ್ಷವಾಯಿತಂತೆ. ಯಾರು ಎಂದು ಕೇಳಿದಾಗ ಆ ಹುಡುಗಿ ವಿಶ್ವವಿದ್ಯಾಲಯದ ಹೆಸರು ಹೇಳಿದಳು. ಭಾನುವಾರ ಬಿಡುವಿರುತ್ತದೆ, ಬನ್ನಿ ಎಂದಿದ್ದಾನೆ. ಹುಡುಗಿಯರಿಬ್ಬರಿಗೆ ಮುಂದಿನ ವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಮೂರನೆಯದನ್ನು ನನಗಾಗಿ ಮಾಡಿಸಬೇಕೋ ಬೇಡವೋ ಎಂದು ಮೇಡಂ ಅವರನ್ನು ಕೇಳಿದ್ದೇನೆ. ಅವರಿನ್ನೂ ಉತ್ತರ ಕೊಟ್ಟಿಲ್ಲ.